ಕೊಟ್ಟಿಗೆ ಗೊಬ್ಬರದಲ್ಲಿ ಟ್ರೈಕೋಡರ್ಮಾ: ತೋಟದ ರೋಗಕ್ಕೆ ತಿಪ್ಪೆಯಿಂದಲೇ ತಡೆ



ಈ ಪುಟದಲ್ಲಿ ಕೆಚ್ಚಲು ಬಾವು, ಕರುಗಳ ಪಾಲನೆ, ಜಂತುಹುಳು, ಹಸಿರು ಮೇವು ಮುಂತಾದ ವಿಷಯಗಳನ್ನು ಓದಿ ರೂಢಿಯಾಗಿರುವ ನಿಮಗೆ, ಪಶುವೈದ್ಯನೊಬ್ಬ ಮೆಣಸಿನ ಬಳ್ಳಿಯ ರೋಗದ ಬಗ್ಗೆ ಬರೆಯಲು ಹೊರಟಿರುವುದು ವಿಚಿತ್ರವೆನಿಸಬಹುದು. ಕಾರಣ ಸರಳವಾಗಿದೆ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಬರೀ ಹಾಲನ್ನೇ ನಂಬಿ ಸಂಸಾರ ನಡೆಸುವವರು ಕಡಿಮೆ. ಎರಡು ಮೂರು ಹಸು, ಹತ್ತಿಪ್ಪತ್ತು ಗುಂಟೆ ಅಡಿಕೆ ತೋಟ, ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಮನೆಯ ಸುತ್ತ ನಾಲ್ಕು ತೆಂಗು, ಸ್ವಲ್ಪ ಗದ್ದೆ, ಭಟ್ಕಳದ ಕಡೆಯಾದರೆ ಅಂಗಳದಲ್ಲಿ ಮಲ್ಲಿಗೆ. ಇದು ನಮ್ಮ ಬಹುಪಾಲು ಸದಸ್ಯರ ಬದುಕು. ತೋಟಕ್ಕೆ ರೋಗ ಬಂದ ವರ್ಷ ಹಾಲಿನ ಬಿಲ್ಲು ಹಿಂಡಿ-ಹುಲ್ಲಿಗೆ ಹೋಗುವ ಬದಲು ಸಸಿ, ಔಷಧಿ, ಕೂಲಿಗೆ ಹೋಗುತ್ತದೆ. ಹಸುವಿನ ಹೊಟ್ಟೆಗೆ ಕಡಿಮೆ ಬೀಳುತ್ತದೆ, ಕ್ಯಾನಿಗೂ ಕಡಿಮೆ ಬೀಳುತ್ತದೆ.

ಇನ್ನೊಂದು ಕಾರಣವೂ ಇದೆ. ತೋಟದ ರೋಗಗಳನ್ನು ತಡೆಯಬಲ್ಲ ಸೂಕ್ಷ್ಮಜೀವಿಗಳು ಇಂದು ಪ್ಯಾಕೆಟ್ಟಿನಲ್ಲಿ ಸಿಗುತ್ತವೆ. ಆದರೆ ಅವು ಬದುಕಿ ಬೆಳೆಯಬೇಕಾದ ಜಾಗ ನಿಮ್ಮ ಗೊಬ್ಬರಗುಂಡಿ. ಪ್ಯಾಕೆಟ್ ತಂದವರಲ್ಲಿ ಕೆಲವರಿಗೆ ಬಳ್ಳಿ ಉಳಿಯಿತು, ಕೆಲವರಿಗೆ ಏನೂ ಆಗಲಿಲ್ಲ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ವ್ಯತ್ಯಾಸ ಬಹಳ ಸಲ ಇರುವುದು ಪ್ಯಾಕೆಟ್ಟಿನಲ್ಲಿ ಅಲ್ಲ, ಅದನ್ನು ಬೆರೆಸಿದ ಸಗಣಿ ಗೊಬ್ಬರದಲ್ಲಿ. ಆದ್ದರಿಂದ ಇದು ಕೊಟ್ಟಿಗೆಯ ವಿಷಯವೇ ಹೌದು.

ಮೂರು ವರ್ಷದ ಬಳ್ಳಿ, ಮೂರು ವಾರದ ಸಾವು

ಕಾಳುಮೆಣಸಿನ ಶೀಘ್ರ ಸೊರಗು ರೋಗವನ್ನು ನೋಡದ ತೋಟ ನಮ್ಮಲ್ಲಿ ಇಲ್ಲವೆಂದೇ ಹೇಳಬಹುದು. ಬಳ್ಳಿ ನೆಟ್ಟು ಫಸಲು ಕಾಣಲು ಮೂರು ವರ್ಷ ಬೇಕು, ತುಂಬು ಫಸಲಿಗೆ ಇನ್ನೂ ಮೂರು ನಾಲ್ಕು ವರ್ಷ. ಮಳೆಗಾಲದಲ್ಲಿ ಒಂದು ದಿನ ಎಲೆಯ ಮೇಲೆ ಕಪ್ಪು ಕಲೆ, ಬುಡದಲ್ಲಿ ತೊಗಟೆ ಕಪ್ಪಾಗಿ ಕೊಳೆತದ್ದು ಕಾಣುತ್ತದೆ. ಆಮೇಲೆ ಎಲೆ ಹಳದಿಯಾಗಿ ಉದುರಿ, ಗಿಣ್ಣುಗಳು ಕಳಚಿ, ಮೂರು ವಾರದೊಳಗೆ ಬಳ್ಳಿಯೇ ಇಲ್ಲ.

ಇದಕ್ಕೆ ಕಾರಣ ಫೈಟಾಪ್ತೊರಾ ಕ್ಯಾಪ್ಸಿಸಿ ಎಂಬ ಶಿಲೀಂಧ್ರದಂಥ ಜೀವಿ. ಅಡಿಕೆಯ ಕೊಳೆ ರೋಗಕ್ಕೆ ಕಾರಣವಾಗುವುದೂ ಇದೇ ಕುಟುಂಬದ ಇನ್ನೊಂದು ಜಾತಿ. ಈ ಕುಟುಂಬದ ವಿಶೇಷವೆಂದರೆ ಇದರ ಬೀಜಕಣಗಳಿಗೆ ಬಾಲವಿದೆ, ಅವು ನೀರಿನಲ್ಲಿ ಈಜುತ್ತವೆ. ಮಣ್ಣಿನ ಕಣಗಳ ನಡುವೆ ನಿಂತ ನೀರಿನಲ್ಲಿ ಈಜಿ ಎಳೆ ಬೇರನ್ನು ಹುಡುಕಿ ಹೋಗಿ ಅಂಟಿಕೊಳ್ಳುತ್ತವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ನಮ್ಮ ಕರಾವಳಿ ಇವುಗಳಿಗೆ ತವರುಮನೆ ಇದ್ದಂತೆ. ನೆಲದ ಮೇಲೆ ಹರಿದುಬಿಟ್ಟ ಹಂಬು, ಮಳೆಹನಿಯಿಂದ ಸಿಡಿದ ಮಣ್ಣು, ಹಿಂದಿನ ವರ್ಷ ಸತ್ತ ಬಳ್ಳಿಯ ಬೇರು ತೆಗೆಯದೆ ಬಿಟ್ಟದ್ದು, ಇವೆಲ್ಲ ರೋಗ ದಾಟುವ ಸೇತುವೆಗಳು.

ಬಳ್ಳಿ ಹಳದಿಯಾದ ಮೇಲೆ ಯಾವ ಔಷಧಿ ಸುರಿದರೂ ಪ್ರಯೋಜನ ಅಷ್ಟಕ್ಕಷ್ಟೆ. ಬೇರು ಆಗಲೇ ಸತ್ತಿರುತ್ತದೆ. ನಾವು ಚಪ್ಪೆ ರೋಗದ ಲಸಿಕೆಯನ್ನು ಮಳೆಗಾಲಕ್ಕೆ ಮೊದಲೇ ಹಾಕುತ್ತೇವಲ್ಲವೇ? ಹಾಗೆಯೇ ಇಲ್ಲಿಯೂ ಕೆಲಸ ಮೊದಲೇ ಆಗಬೇಕು.

ಬೂಷ್ಟನ್ನು ತಿನ್ನುವ ಬೂಷ್ಟು

ಟ್ರೈಕೋಡರ್ಮಾ ಎಂಬುದು ಮಣ್ಣಿನಲ್ಲಿ ಸಹಜವಾಗಿಯೇ ಇರುವ ಒಂದು ಶಿಲೀಂಧ್ರ, ಅಂದರೆ ಒಂದು ಬಗೆಯ ಬೂಷ್ಟು. ಇದಕ್ಕೆ ಹೆಸರು ಬಿದ್ದದ್ದು 1794ರಷ್ಟು ಹಿಂದೆ. ಆದರೆ ಇದು ಬೇರೆ ಶಿಲೀಂಧ್ರಗಳ ಮೇಲೆ ಬಿದ್ದು ಅವನ್ನು ತಿನ್ನುತ್ತದೆ ಎಂಬುದನ್ನು 1932ರಲ್ಲಿ ಅಮೆರಿಕದಲ್ಲಿ ವೈಂಡ್ಲಿಂಗ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ಕಲ್ಲಿಕೋಟೆಯ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಕಾಳುಮೆಣಸಿಗೂ, ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗು ಅಡಿಕೆಗೂ ಇದನ್ನು ಶಿಫಾರಸು ಮಾಡಿವೆ. ಹಾರ್ಜಿಯಾನಮ್, ವಿರಿಡೆ ಎಂಬ ಎರಡು ಜಾತಿಗಳು ಹೆಚ್ಚಾಗಿ ಮಾರಾಟಕ್ಕೆ ಸಿಗುತ್ತವೆ.

ಇದು ಕೆಲಸ ಮಾಡುವ ರೀತಿ ಒಂದೇ ಅಲ್ಲ. ರೋಗದ ಶಿಲೀಂಧ್ರದ ಎಳೆಗೆ ಬಳ್ಳಿಯಂತೆ ಸುತ್ತಿಕೊಂಡು ಅದರ ಗೋಡೆಯನ್ನು ಕರಗಿಸುವ ಕಿಣ್ವ ಬಿಡುತ್ತದೆ. ರೋಗಾಣುವಿನ ಬೆಳವಣಿಗೆ ತಡೆಯುವ ರಸವನ್ನು ಸುರಿಸುತ್ತದೆ. ಗಿಡದ ಬೇರಿನ ಸುತ್ತ ತಾನೇ ಮೊದಲು ಜಾಗ ಹಿಡಿದು, ಅಲ್ಲಿನ ಆಹಾರವನ್ನು ತಾನೇ ತಿಂದು, ಹಿಂದಿನಿಂದ ಬಂದವರಿಗೆ ಏನೂ ಉಳಿಸುವುದಿಲ್ಲ. ಜೊತೆಗೆ ಗಿಡದ ಸ್ವಂತ ರೋಗನಿರೋಧಕ ಶಕ್ತಿಯನ್ನೂ ಎಚ್ಚರಿಸುತ್ತದೆ.

ಹೈನುಗಾರರಿಗೆ ಇದು ಹೊಸ ಸಂಗತಿಯಾಗಬಾರದು. ಹಸುವಿನ ಮೆಲುಕು ಚೀಲದ ಒಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾಗಳಿರುತ್ತವೆ. ಅವು ಇರುವುದರಿಂದಲೇ ಒಣಹುಲ್ಲು ಹಾಲಾಗುತ್ತದೆ. ಒಮ್ಮೆಗೇ ಅಕ್ಕಿ ಗಂಜಿಯನ್ನೋ ಹಲಸಿನ ಹಣ್ಣನ್ನೋ ಅತಿಯಾಗಿ ತಿಂದ ಹಸುವಿನ ಹೊಟ್ಟೆಯಲ್ಲಿ ಒಳ್ಳೆಯ ಜೀವಿಗಳು ಸತ್ತು ಹುಳಿ ಮಾಡುವ ಜೀವಿಗಳು ಮೇಲೇಳುತ್ತವೆ, ಹಸು ಮೇವು ಬಿಡುತ್ತದೆ. ತೋಟದ ಮಣ್ಣಿನಲ್ಲಿಯೂ ಇದೇ ಲೆಕ್ಕಾಚಾರ.

ಹೆಪ್ಪು ಒಳ್ಳೆಯದಿದ್ದರೆ ಸಾಲದು, ಹಾಲಿನ ಹದವೂ ಬೇಕು

ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ, ತಣ್ಣಗೆ ಕೊರೆಯುವ ಹಾಲಿಗೆ ಹಾಕಿದರೂ ಆಗುವುದಿಲ್ಲ ಎಂಬುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಟ್ರೈಕೋಡರ್ಮಾ ಪುಡಿಯೂ ಒಂದು ಹೆಪ್ಪು. ಅದನ್ನು ಹಾಕುವ ಗೊಬ್ಬರಕ್ಕೆ ಹದವಿಲ್ಲದಿದ್ದರೆ ಪ್ಯಾಕೆಟ್ಟಿನ ಹಣ ನೀರುಪಾಲು.

ಮೊದಲನೆಯದಾಗಿ ಹಸಿ ಸಗಣಿ ಬೇಡ. ಮಿಶ್ರತಳಿ ಹಸು ದಿನಕ್ಕೆ ಹದಿನೈದರಿಂದ ಇಪ್ಪತ್ತು ಕಿಲೋ ಸಗಣಿ ಹಾಕುತ್ತದೆ, ಅದರಲ್ಲಿ ನಾಲ್ಕು ಪಾಲು ನೀರು, ಒಂದು ಪಾಲು ಮಾತ್ರ ಒಣ ಪದಾರ್ಥ. ಅಂಥ ಹಸಿ ಸಗಣಿಯೊಳಗೆ ಗಾಳಿಯಾಡುವುದಿಲ್ಲ, ಅಮೋನಿಯಾ ವಾಸನೆ ಬೇರೆ. ಟ್ರೈಕೋಡರ್ಮಾಕ್ಕೆ ಗಾಳಿ ಬೇಕೇ ಬೇಕು. ಹಸಿ ಸಗಣಿಯನ್ನು ದರಕು, ಸೊಪ್ಪು, ದನ ಬಿಟ್ಟ ಹುಲ್ಲಿನೊಂದಿಗೆ ಪದರ ಪದರವಾಗಿ ರಾಶಿ ಹಾಕಿದಾಗ ರಾಶಿ ಬಿಸಿಯಾಗುತ್ತದೆ. ಒಳಗೆ 60 ಡಿಗ್ರಿಯವರೆಗೂ ಕಾವು ಏರಬಹುದು. ಈ ಕಾವು ಒಳ್ಳೆಯದೇ. ಜಂತುಹುಳುವಿನ ಮೊಟ್ಟೆ, ಕಳೆಬೀಜ, ಹಲವು ರೋಗಾಣುಗಳು ಇದರಲ್ಲಿ ನಾಶವಾಗುತ್ತವೆ. ಆದರೆ ಟ್ರೈಕೋಡರ್ಮಾಕ್ಕೆ ಬೇಕಾದದ್ದು 25ರಿಂದ 30 ಡಿಗ್ರಿ. ಬಿಸಿ ರಾಶಿಗೆ ಅದನ್ನು ಹಾಕಿದರೆ ಅದೂ ಬೆಂದುಹೋಗುತ್ತದೆ. ರಾಶಿಯೊಳಗೆ ಮೊಣಕೈಯವರೆಗೆ ಕೈ ಹಾಕಿ ನೋಡಿ. ಬೆಚ್ಚಗೆ ತಾಗಿದರೆ ಇನ್ನೂ ಕಾಯಿರಿ.

ಎರಡನೆಯದಾಗಿ, ಗುಂಡಿಗೆ ಏನೇನು ಹೋಗುತ್ತಿದೆ ಎಂದು ನೋಡಿಕೊಳ್ಳಬೇಕು. ಕೊಟ್ಟಿಗೆ ತೊಳೆದ ಫಿನಾಯಿಲು ನೀರು, ಬ್ಲೀಚಿಂಗ್ ಪುಡಿಯ ನೀರು ಗೊಬ್ಬರಗುಂಡಿಗೇ ಹರಿಯುವಂತೆ ಕಾಲುವೆ ಮಾಡಿದ ಮನೆಗಳಿವೆ. ಶುಚಿತ್ವಕ್ಕೆ ಇವು ಬೇಕು, ಆದರೆ ಆ ನೀರನ್ನು ಬೇರೆ ಕಡೆ ತಿರುಗಿಸಿ. ಗೊರಸಿನ ಕೊಳೆತಕ್ಕೆ ಹಸುವಿನ ಕಾಲು ಅದ್ದಿಸಿದ ಮೈಲುತುತ್ತದ ನೀರನ್ನಂತೂ ಗುಂಡಿಗೆ ಚೆಲ್ಲಲೇಬಾರದು. ಮೈಲುತುತ್ತ ತಾಮ್ರ, ತಾಮ್ರ ಶಿಲೀಂಧ್ರನಾಶಕ, ನಾವು ಬೆಳೆಸಲು ಹೊರಟಿರುವುದು ಶಿಲೀಂಧ್ರವನ್ನು. ಒಲೆ ಬೂದಿಯನ್ನೂ ಈ ರಾಶಿಗೆ ಹಾಕದೆ ತೆಂಗಿನ ಬುಡಕ್ಕೆ ಹಾಕಿ. ಟ್ರೈಕೋಡರ್ಮಾಕ್ಕೆ ತುಸು ಹುಳಿಗುಣದ ಜಾಗ ಇಷ್ಟ, ಬೂದಿ ಅದನ್ನು ಕೆಡಿಸುತ್ತದೆ.

ಗೋಬರ್ ಗ್ಯಾಸ್ ಇರುವವರು ಬಗ್ಗಡವನ್ನು ಹಾಗೇ ಬಳಸಬೇಡಿ. ಅದನ್ನು ದರಕಿನ ಮೇಲೆ ಸುರಿದು, ನೀರು ಇಂಗಿ, ನೆರಳಿನಲ್ಲಿ ಅರೆಒಣಗಿದ ಮೇಲೆ ಚೆನ್ನಾಗಿ ಆಗುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸಗಣಿಯನ್ನು ಪೈಪಿನ ನೀರಿನಿಂದ ಚರಂಡಿಗೆ ತಳ್ಳುವುದು ಈಗ ಕೆಲವು ಕಡೆ ಅಭ್ಯಾಸವಾಗಿದೆ. ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಕು ಗುಡಿಸಿ ತರುವ ಆಳು ಸಿಗುವುದಿಲ್ಲ ಎಂಬ ಕಷ್ಟ ನನಗೆ ತಿಳಿದಿದೆ. ಇನ್ನು ಕೆಲವರು ವರ್ಷದ ಗೊಬ್ಬರವನ್ನು ಲೋಡಿನ ಲೆಕ್ಕದಲ್ಲಿ ಮಾರಿ, ಆ ಹಣದಲ್ಲಿ ಪ್ಯಾಕೆಟ್ಟುಗಳನ್ನು ಕೊಂಡು ಒಣ ಪುಡಿಯನ್ನೇ ಬಳ್ಳಿಯ ಬುಡಕ್ಕೆ ಉದುರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅವರು ಎರಡನ್ನೂ ಕಳೆದುಕೊಂಡಂತೆ. ತಿನ್ನಲು ಏನೂ ಇಲ್ಲದ ಮಣ್ಣಿನಲ್ಲಿ ಆ ಜೀವಿ ಎಷ್ಟು ದಿನ ಉಳಿದೀತು?

ತಯಾರಿಸುವ ಕ್ರಮ

ಮೇ ತಿಂಗಳ ಮಧ್ಯಭಾಗದಲ್ಲಿ ಕೆಲಸ ಶುರು ಮಾಡಿ. ಚೆನ್ನಾಗಿ ಕೊಳೆತು ತಣ್ಣಗಾದ, ಪುಡಿಯಾಗುವ ಕೊಟ್ಟಿಗೆ ಗೊಬ್ಬರ 90 ಕಿಲೋ, ಪುಡಿ ಮಾಡಿದ ಬೇವಿನ ಹಿಂಡಿ 10 ಕಿಲೋ, ಟ್ರೈಕೋಡರ್ಮಾ ಪುಡಿ 1 ಕಿಲೋ. ಇದು ಒಂದು ರಾಶಿಯ ಅಳತೆ. ಮಳೆ ನೀರು ಬೀಳದ, ಬಿಸಿಲು ತಾಗದ ಜಾಗ ಬೇಕು. ಕೊಟ್ಟಿಗೆಯ ಪಕ್ಕದ ಮಾಡು ಆದೀತು, ಆದರೆ ಹಾಲು ಕರೆಯುವ ಜಾಗಕ್ಕೆ ತಾಗಿಕೊಂಡು ಬೇಡ. ರಾಶಿ ತಿರುವುವಾಗ ಏಳುವ ದೂಳು ಹಾಲಿನ ಪಾತ್ರೆಗೆ ಬೀಳಬಾರದು.

ಗೊಬ್ಬರ ಮತ್ತು ಹಿಂಡಿಯನ್ನು ಬೆರೆಸಿ ನೀರು ಚಿಮುಕಿಸಿ. ಎಷ್ಟು ನೀರು ಎಂದರೆ, ಒಂದು ಮುಷ್ಟಿ ತೆಗೆದು ಹಿಂಡಿದಾಗ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ನಂತರ ಟ್ರೈಕೋಡರ್ಮಾ ಪುಡಿಯನ್ನು ಸಮನಾಗಿ ಉದುರಿಸಿ ಕಲಸಿ, ಮೊಣಕಾಲಿಗಿಂತ ಎತ್ತರವಾಗದಂತೆ ಹರಡಿ, ಒದ್ದೆ ಗೋಣಿಚೀಲ ಮುಚ್ಚಿ. ಪ್ಲಾಸ್ಟಿಕ್ ಹಾಳೆ ಮುಚ್ಚುವುದಾದರೆ ಅಲ್ಲಲ್ಲಿ ತೂತು ಮಾಡಿ. ಐದನೆಯ ದಿನ ಒಮ್ಮೆ ತಿರುವಿ ಹಾಕಿ, ಒಣಗಿದ್ದರೆ ನೀರು ಚಿಮುಕಿಸಿ ಮತ್ತೆ ಮುಚ್ಚಿ. ಎಂಟು ಹತ್ತು ದಿನಗಳಲ್ಲಿ ಮೊದಲು ಬಿಳಿ ನೂಲಿನಂತೆ, ಆಮೇಲೆ ಹಸಿರು ಪುಡಿಯಂತೆ ಬೆಳವಣಿಗೆ ಕಾಣುತ್ತದೆ. ಹದಿನೈದು ದಿನಕ್ಕೆ ಗೊಬ್ಬರ ಸಿದ್ಧ. ಸಿದ್ಧವಾದದ್ದನ್ನು ತಿಂಗಳುಗಟ್ಟಲೆ ಇಡಬೇಡಿ.

ಹಸಿರು ಕಾಣದೆ ಕೆಟ್ಟ ವಾಸನೆ ಬಂದರೆ ನೀರು ಹೆಚ್ಚಾಗಿದೆ ಎಂದರ್ಥ. ಬಿಡಿಸಿ ಹರಡಿ, ಒಣ ಗೊಬ್ಬರ ಸೇರಿಸಿ. ವಾಸನೆಯೂ ಇಲ್ಲ, ಹಸಿರೂ ಇಲ್ಲವೆಂದರೆ ಪುಡಿಯೇ ಸತ್ತಿರಬಹುದು.

ಈ ಸಂಶಯವನ್ನು ಮೊದಲೇ ಪರಿಹರಿಸಿಕೊಳ್ಳಲು ದಾರಿ ಇದೆ. ತಂದ ದಿನವೇ ಒಂದು ಚಮಚ ಪುಡಿಯನ್ನು ಎರಡು ಬೊಗಸೆ ಒದ್ದೆ ಗೊಬ್ಬರಕ್ಕೆ ಕಲಸಿ, ಗರಟೆಯಲ್ಲಿ ಹಾಕಿ ಮುಚ್ಚಿ ನೆರಳಿನಲ್ಲಿಡಿ. ಪಕ್ಕದಲ್ಲಿ ಪುಡಿ ಹಾಕದ ಅದೇ ಗೊಬ್ಬರದ ಇನ್ನೊಂದು ಗರಟೆ. ವಾರ ಕಳೆದು ಎರಡನ್ನೂ ಹೋಲಿಸಿ ನೋಡಿದರೆ ಗೊತ್ತಾಗುತ್ತದೆ. ಕೊಳ್ಳುವಾಗ ಪ್ಯಾಕೆಟ್ಟಿನ ಮೇಲೆ ನೋಂದಣಿ ಸಂಖ್ಯೆ, ತಯಾರಿಸಿದ ದಿನಾಂಕ, ಅವಧಿ ಮುಗಿಯುವ ದಿನಾಂಕ ಇದೆಯೇ ನೋಡಿ. ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 20 ಲಕ್ಷ ಜೀವಂತ ಕಣಗಳಿರಬೇಕೆಂಬುದು ನಿಯಮ. ಅದು 2×10 ರ 6ನೇ ಘಾತ ಎಂಬ ರೂಪದಲ್ಲಿ ಮುದ್ರಿತವಾಗಿರುತ್ತದೆ. ಇದು ಜೀವವಿರುವ ಸರಕು. ಅಂಗಡಿಯ ಬಿಸಿಲು ಗಾಜಿನ ಹಿಂದೆ ತಿಂಗಳುಗಟ್ಟಲೆ ಇದ್ದದ್ದನ್ನು, ಅಗ್ಗಕ್ಕೆ ಸಿಕ್ಕರೂ, ತರಬೇಡಿ. ತೋಟಗಾರಿಕೆ ಇಲಾಖೆ, ಹೋಬಳಿಯ ರೈತ ಸಂಪರ್ಕ ಕೇಂದ್ರ, ಶಿರಸಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿದರೆ ಎಲ್ಲಿ ಸಿಗುತ್ತದೆಂದು ತಿಳಿಯುತ್ತದೆ.

ಯಾವ ಗಿಡಕ್ಕೆ ಎಷ್ಟು

ಕಾಳುಮೆಣಸಿಗೆ ಬಳ್ಳಿಯೊಂದಕ್ಕೆ ಎರಡರಿಂದ ಮೂರು ಕಿಲೋ. ಮೊದಲ ಮಳೆ ಬಿದ್ದು ನೆಲ ತಣಿದ ಮೇಲೆ, ಅಂದರೆ ರೋಹಿಣಿ ಮುಗಿದು ಮೃಗಶಿರ ಹಿಡಿಯುವ ಹೊತ್ತಿಗೆ, ಬುಡದ ಸುತ್ತ ಒಂದು ಅಡಿ ವಿಸ್ತಾರದಲ್ಲಿ ಹರಡಿ ಮೇಲೆ ದರಕು ಮುಚ್ಚಿ. ಗುದ್ದಲಿ ತಾಗಿಸಬೇಡಿ. ಬೇರಿಗೆ ಆದ ಗಾಯವೇ ರೋಗಕ್ಕೆ ಬಾಗಿಲು. ಅದೇ ದಿನ ನೆಲದ ಮೇಲಿನ ಹಂಬುಗಳನ್ನು ಎತ್ತಿ ಕಟ್ಟಿ ಅಥವಾ ಕತ್ತರಿಸಿ, ಬಸಿಗಾಲುವೆ ಬಿಡಿಸಿ, ಸತ್ತ ಬಳ್ಳಿಯನ್ನು ಬೇರು ಸಮೇತ ತೆಗೆದು ಸುಡಿ. ನೀರು ನಿಲ್ಲುವ ತೋಟದಲ್ಲಿ ಯಾವ ಜೀವಾಣುವೂ ಪವಾಡ ಮಾಡದು. ಬಸಿಗಾಲುವೆ ಇಲ್ಲದೆ ಟ್ರೈಕೋಡರ್ಮಾ ಹಾಕುವುದು ಕೊಟ್ಟಿಗೆ ಗುಡಿಸದೆ ಕೆಚ್ಚಲಿಗೆ ಔಷಧಿ ಹಚ್ಚಿದಂತೆ.

ಹೊಸ ಸಸಿ ನೆಡುವವರು ನೆಡುವ ಗುಂಡಿಯಲ್ಲೇ ಈ ಗೊಬ್ಬರ ಬೆರೆಸಿ. ಸಸಿ ಮಾಡುವ ಕೊಟ್ಟೆಯ ಮಣ್ಣಿಗೂ ಸೇರಿಸಿ. ಹೆಚ್ಚು ಗುಣ ಕಾಣುವುದು ಇಲ್ಲಿಯೇ, ಎಳೆ ಬೇರಿನ ಸುತ್ತ ಮೊದಲ ದಿನದಿಂದಲೇ ಕಾವಲು ಕೂರುತ್ತದೆ.

ತೆಂಗು ಅಡಿಕೆಗಳ ಅಣಬೆ ರೋಗಕ್ಕೆ ಕಾರಣ ಗ್ಯಾನೋಡರ್ಮಾ ಎಂಬ ಶಿಲೀಂಧ್ರ. ಮರದ ಬುಡದಿಂದ ಕಂದು ರಸ ಸೋರಿ, ಕೊನೆಗೆ ಬುಡದಲ್ಲಿ ಮರದಂಥ ಗಟ್ಟಿ ಅಣಬೆ ಏಳುತ್ತದೆ. ಅಣಬೆ ಎದ್ದ ಮರವನ್ನು ಉಳಿಸುವ ಆಸೆ ಬಿಟ್ಟು ಪಕ್ಕದ ಮರಗಳನ್ನು ನೋಡಿಕೊಳ್ಳಬೇಕು. ರೋಗದ ಮರದ ಸುತ್ತ ಎರಡು ಅಡಿ ಆಳ, ಒಂದು ಅಡಿ ಅಗಲದ ಕಂದಕ ತೋಡಿ. ಸತ್ತ ಮರವನ್ನು ಬೇರು ಸಮೇತ ಕೀಳಿ. ನೆರೆಯ ತೆಂಗಿನ ಮರಗಳಿಗೆ ವರ್ಷಕ್ಕೆ 5 ಕಿಲೋ ಬೇವಿನ ಹಿಂಡಿಗೆ 50 ಗ್ರಾಂ ಟ್ರೈಕೋಡರ್ಮಾ ಬೆರೆಸಿ ಕೊಡಬೇಕೆಂಬುದು ಕಾಸರಗೋಡಿನ ಸಂಸ್ಥೆಯ ಶಿಫಾರಸು. ಅಡಿಕೆಗಾದರೆ ಹಿಂಡಿ 2 ಕಿಲೋ ಸಾಕು. ತೆಂಗಿನ ಕಾಂಡದಿಂದ ಕೆಂಗಂದು ರಸ ಸೋರುವ ರೋಗಕ್ಕೆ ಇದೇ ಪುಡಿಯನ್ನು ನೀರಿನಲ್ಲಿ ಕೆನೆಯಂತೆ ಕಲಸಿ ಸೋರುವ ಜಾಗಕ್ಕೆ ಹಚ್ಚುತ್ತಾರೆ. ಒಣಗದಂತೆ ಆಗಾಗ ನೀರು ತಾಗಿಸುತ್ತಿರಬೇಕು.

ಮಲ್ಲಿಗೆ ಗಿಡ ಇದ್ದಕ್ಕಿದ್ದಂತೆ ಸೊರಗಿದರೆ ಬುಡದ ಮಣ್ಣು ಸರಿಸಿ ನೋಡಿ. ಬಿಳಿ ನೂಲಿನ ನಡುವೆ ಸಾಸಿವೆಕಾಳಿನಂಥ ಕಂದು ಗುಂಡುಗಳಿದ್ದರೆ ಅದು ಸ್ಕ್ಲೆರೋಷಿಯಂ ಶಿಲೀಂಧ್ರ. ಶೇಂಗಾದ ಬುಡ ಕೊಳೆಯುವುದೂ ಇದರಿಂದಲೇ. ಮಲ್ಲಿಗೆಗೆ ಸಿದ್ಧಗೊಬ್ಬರವನ್ನು ಬುಡಕ್ಕೆ ಕೊಡಿ. ಗದ್ದೆಯಲ್ಲಿ ಶೇಂಗಾ ಹಾಕುವವರು ಕಿಲೋ ಬೀಜಕ್ಕೆ 4 ಗ್ರಾಂ ಪುಡಿ ಲೇಪಿಸಿ ಬಿತ್ತಿದರೆ ಸಾಕು. ಶೇಂಗಾ ಬಳ್ಳಿ ನಮ್ಮ ಹಸುಗಳಿಗೆ ಒಳ್ಳೆಯ ಮೇವು ಎಂಬುದನ್ನು ಹೇಳಬೇಕಾಗಿಲ್ಲ. ವೀಳ್ಯದೆಲೆ ಬೆಳೆಯುವವರಿಗೆ ಇನ್ನೂ ಒಂದು ಲಾಭವಿದೆ. ಕೊಯ್ದ ಎಲೆಯನ್ನು ಹಾಗೇ ಬಾಯಿಗೆ ಹಾಕಿಕೊಳ್ಳುವುದರಿಂದ ಅಲ್ಲಿ ವಿಷ ಕಡಿಮೆಯಾದಷ್ಟೂ ಒಳ್ಳೆಯದು.

ಭತ್ತದ ಬೀಜಕ್ಕೆ ಟ್ರೈಕೋಡರ್ಮಾಕ್ಕಿಂತ ಸೂಡೋಮೊನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚು ಬಳಕೆಯಲ್ಲಿದೆ. ಕಿಲೋ ಬೀಜಕ್ಕೆ 10 ಗ್ರಾಂ ಲೆಕ್ಕದಲ್ಲಿ ನೀರಿಗೆ ಬೆರೆಸಿ ರಾತ್ರಿ ನೆನೆಸಿಟ್ಟು ಮೊಳಕೆ ಕಟ್ಟಬಹುದು. ಬೆಂಕಿ ರೋಗ ತಗ್ಗಿದರೆ ಹುಲ್ಲೂ ಹಸನಾಗಿ ಸಿಗುತ್ತದೆ.

ಕೊಳೆ ರೋಗಕ್ಕೆ ಇದು ಮದ್ದಲ್ಲ

ಸಂಘದ ಸಭೆಗಳಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ಇದನ್ನು ಹಾಕಿದರೆ ಅಡಿಕೆಗೆ ಬೋರ್ಡೋ ಹೊಡೆಯುವುದು ಬೇಡವೇ? ಬೇಕು. ಕೊಳೆ ರೋಗ ಬರುವುದು ಮರದ ತಲೆಯ ಮೇಲಿನ ಕೊನೆಗೆ. ಟ್ರೈಕೋಡರ್ಮಾದ ಕೆಲಸ ಬುಡದ ಮಣ್ಣಿನಲ್ಲಿ. ಆಷಾಢದ ಮಳೆಯಲ್ಲಿ ಕೊನೆಯ ಮೇಲೆ ಅದು ನಿಲ್ಲುವುದೂ ಇಲ್ಲ. ಹಿಂದೆ ನಮ್ಮ ಹಿರಿಯರು ಕೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಕೋಲ್ಮನ್ ಸಾಹೇಬರು ಕೊಳೆ ರೋಗವನ್ನು ಅಧ್ಯಯನ ಮಾಡಿ, ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಅದೇ ಇಂದಿಗೂ ಮುಖ್ಯ ಆಧಾರ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಮಳೆಗೆ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಯಾರಾದರೂ ಸೂಕ್ಷ್ಮಜೀವಿಯ ಹೆಸರಿನಲ್ಲಿ ಇದನ್ನು ಬಿಡಿಸಲು ಬಂದರೆ ಒಪ್ಪಬೇಡಿ.

ಆದರೆ ಬೋರ್ಡೋ ಮತ್ತು ಟ್ರೈಕೋಡರ್ಮಾ ಒಂದೇ ಮನೆಯ ಅತ್ತೆ-ಸೊಸೆ ಇದ್ದಂತೆ, ಸ್ವಲ್ಪ ಅಂತರ ಇಟ್ಟರೆ ಇಬ್ಬರೂ ಇರಬಹುದು. ಬುಡಕ್ಕೆ ತಾಮ್ರದ ಔಷಧಿ ಸುರಿದಿದ್ದರೆ ಕನಿಷ್ಠ ಹದಿನೈದು ದಿನ, ಸಾಧ್ಯವಾದರೆ ಒಂದು ತಿಂಗಳು ಬಿಟ್ಟು ಟ್ರೈಕೋಡರ್ಮಾ ಹಾಕಿ. ಎಲೆಗೆ ಸಿಂಪಡಿಸುವಾಗ ಬುಡಕ್ಕೆ ಹೆಚ್ಚು ಸುರಿಯದಂತೆ ನೋಡಿಕೊಳ್ಳಿ, ಬುಡದ ಮೇಲಿನ ದರಕೂ ಸ್ವಲ್ಪ ತಡೆಯುತ್ತದೆ. ಯೂರಿಯಾ ಮುಂತಾದ ಗೊಬ್ಬರಗಳನ್ನೂ ಇದರೊಂದಿಗೆ ಬೆರೆಸಬೇಡಿ, ಒಂದೆರಡು ವಾರದ ಅಂತರವಿರಲಿ. ಪೊಟ್ಯಾಸಿಯಂ ಫಾಸ್ಫೊನೇಟ್ ಎಂಬ ಔಷಧಿಯಿಂದ ಟ್ರೈಕೋಡರ್ಮಾಕ್ಕೆ ತೊಂದರೆಯಿಲ್ಲ. ರೋಗದ ಒತ್ತಡ ಹೆಚ್ಚಿರುವ ತೋಟದಲ್ಲಿ ಅದರ ಬಗ್ಗೆ ತೋಟಗಾರಿಕೆ ಅಧಿಕಾರಿಗಳನ್ನು ಕೇಳಿ.

ಪಶುವೈದ್ಯನಾಗಿ ಇಲ್ಲೊಂದು ಎಚ್ಚರಿಕೆ. ಮಳೆಗಾಲದಲ್ಲಿ ತೋಟದ ಹುಲ್ಲೇ ನಮ್ಮ ಹಸುಗಳಿಗೆ ಹಸಿರು ಮೇವು. ಬೋರ್ಡೋ ಹೊಡೆದಾಗ ನೀಲಿ ಹನಿಗಳೆಲ್ಲ ಕೆಳಗಿನ ಹುಲ್ಲಿನ ಮೇಲೆ ಬೀಳುತ್ತವೆ. ಕೊನೆಗೌಡನಿಗೆ ಹೇಳಿ ಕಳಿಸುವ ಮೊದಲೇ ಹುಲ್ಲನ್ನು ಕೊಯ್ದು ಇಟ್ಟುಕೊಳ್ಳಿ. ನೀಲಿ ಹತ್ತಿದ ಹುಲ್ಲನ್ನು ಹಾಕಬೇಡಿ, ಹೊಸ ಚಿಗುರು ಬರುವವರೆಗೆ ಕಾಯಿರಿ. ದೊಡ್ಡ ದನ ಸ್ವಲ್ಪ ತಾಮ್ರವನ್ನು ತಾಳಿಕೊಳ್ಳುತ್ತದೆ, ಕರು ಅಷ್ಟು ತಾಳದು, ಕುರಿಗಂತೂ ತಾಮ್ರ ವಿಷ.

ಹಸಿರು ಬೂಷ್ಟೆಲ್ಲ ಒಂದೇ ಅಲ್ಲ

ಗೊಬ್ಬರದ ರಾಶಿಯಲ್ಲಿ ಹಸಿರು ಬಂದರೆ ಸಂತೋಷಪಡಿ ಎಂದು ಮೇಲೆ ಬರೆದೆ. ಅದೇ ಹಸಿರು ಶೇಂಗಾ ಹಿಂಡಿಯ ಮೇಲೋ, ಮೆಕ್ಕೆಜೋಳದ ನುಚ್ಚಿನ ಮೇಲೋ, ಪಶು ಆಹಾರದ ಚೀಲದಲ್ಲೋ ಬಂದರೆ ಅದು ಬೇರೆಯೇ ಕಥೆ. ಅಲ್ಲಿ ಬೆಳೆಯುವುದು ಹೆಚ್ಚಾಗಿ ಆಸ್ಪರ್ಜಿಲಸ್ ಎಂಬ ಬೂಷ್ಟು. ಅದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಮಾಡುತ್ತದೆ. ಹಸುವಿನ ಪಿತ್ತಜನಕಾಂಗ ಕೆಡುತ್ತದೆ, ಹಾಲು ಇಳಿಯುತ್ತದೆ, ವಿಷದ ಒಂದು ಅಂಶ ಹಾಲಿಗೂ ಬರುತ್ತದೆ. ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ. ಒಂದು ಕಿಲೋ ಹಾಲಿನಲ್ಲಿ ಅರ್ಧ ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮವಿದೆ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಮೈಕ್ರೋಗ್ರಾಂ. ಇದರ ಅರ್ಧ ಎಂದರೆ ಎಷ್ಟು ಕಟ್ಟುನಿಟ್ಟು ಎಂದು ಊಹಿಸಿಕೊಳ್ಳಿ.

ಮಳೆಗಾಲದ ನಮ್ಮ ತೇವದಲ್ಲಿ ಹಿಂಡಿ ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ. "ಒಳ್ಳೆಯ ಹಸಿರು ಬೂಷ್ಟೂ ಇದೆಯಂತೆ, ಡಾಕ್ಟರೇ ಬರೆದಿದ್ದಾರೆ" ಎಂದು ಬೂಷ್ಟು ಹಿಡಿದ ಹಿಂಡಿಯನ್ನು ಬೋಗುಣಿಗೆ ಸುರಿಯುವವರು ಬಾರದಿರಲಿ ಎಂದೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. ಟ್ರೈಕೋಡರ್ಮಾ ರಾಶಿಯೂ ಮೇವಲ್ಲ, ಬೇವಿನ ಹಿಂಡಿಯ ಚೀಲವೂ ಮೇವಿನ ಕೋಣೆಯಲ್ಲಿ ಇರಬಾರದು. ಶೇಂಗಾ ಹಿಂಡಿಯ ಪಕ್ಕದಲ್ಲಿಟ್ಟರೆ ಕತ್ತಲಲ್ಲಿ ಅದಲುಬದಲಾಗುತ್ತದೆ. ರಾಶಿ ತಿರುವುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ದಮ್ಮು ಇರುವವರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡಿ. ಕೆಲಸ ಮುಗಿದು ಕೈ ತೊಳೆದ ಮೇಲೆಯೇ ಹಾಲು ಕರೆಯಲು ಕೂರಿ.

ಇನ್ನೂ ಒಂದು ಹಸಿರಿದೆ. ಗೊಬ್ಬರಗುಂಡಿಯಲ್ಲಿ ಬೆರಳು ಗಾತ್ರದ ಬಿಳಿ ಗೊಣ್ಣೆಹುಳುಗಳು ಕಂಡರೆ ಅವುಗಳಲ್ಲಿ ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿಗಳಿರಬಹುದು. ನಾವೇ ಸಾಕಿ ನಮ್ಮ ತೆಂಗಿಗೆ ಬಿಟ್ಟಂತಾಗುತ್ತದೆ. ಆರಿಸಿ ಕೋಳಿಗೆ ಹಾಕುವುದು ಸುಲಭದ ಉಪಾಯ. ಮೆಟರೈಜಿಯಂ ಎಂಬ ಶಿಲೀಂಧ್ರವನ್ನು ಗುಂಡಿಗೆ ಬೆರೆಸಿದರೆ ಅದು ಈ ಹುಳುಗಳ ಮೇಲೆ ಹಸಿರಾಗಿ ಬೆಳೆದು ಕೊಲ್ಲುತ್ತದೆ. ಹಸುವಿಗೆ ಇದರಿಂದ ಅಪಾಯವಿಲ್ಲ.

ಎರಡನೆಯ ಕಂತು

ಜೂನ್‌ನಲ್ಲಿ ಹಾಕಿದ್ದು ಸಾಲದು. ಮಳೆಗಾಲದ ಬಿರುಸಿನಲ್ಲಿ ಮಣ್ಣಿನ ಸ್ಥಿತಿ ಬದಲಾಗುತ್ತದೆ, ಒಂದಷ್ಟು ತೊಳೆದೂ ಹೋಗುತ್ತದೆ. ಮಘೆ, ಹುಬ್ಬೆಯ ನಡುವೆ, ಅಂದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರಗಳಲ್ಲಿ, ಮಳೆ ಬಿಡುವು ಕೊಟ್ಟಾಗ ಬಳ್ಳಿಗೆ ಮತ್ತೊಮ್ಮೆ ಅಷ್ಟೇ ಗೊಬ್ಬರ ಕೊಡಬೇಕು. ಅದಕ್ಕೆ ಬೇಕಾದ ರಾಶಿಯನ್ನು ಆಗಸ್ಟ್ ಮೊದಲ ವಾರದಲ್ಲೇ ಕಲಸಬೇಕಾಗುತ್ತದೆ. ಆಗ ಒಣ ಗೊಬ್ಬರ ಎಲ್ಲಿಂದ ತರುವುದೆಂದು ಹುಡುಕುವ ಬದಲು, ಏಪ್ರಿಲ್‌ನಲ್ಲೇ ಗುಂಡಿ ಬಿಡಿಸುವಾಗ ಹಣ್ಣಾದ ಗೊಬ್ಬರದಲ್ಲಿ ನೂರು ಬಳ್ಳಿಗೆ ಸುಮಾರು ಎರಡು ಕ್ವಿಂಟಾಲಿನಂತೆ ಚೀಲ ತುಂಬಿ ಮಾಡಿನ ಕೆಳಗೆ ಇಟ್ಟುಕೊಳ್ಳಿ.